ಕರೆಂಟ್ ಬಂತು ಅಂದರೆ ಬಂದದ್ದು ಏನು?

ಬಲ್ಬು ಹೊತ್ತಿಕೊಂಡರೆ "ಕರೆಂಟ್ ಬಂತು" ಅನ್ನುತ್ತೇವೆ. ತಂತಿ ಮುಟ್ಟಿ ಕೈ ಜುಮ್ಮೆಂದರೆ "ಕರೆಂಟ್ ಹೊಡೀತು". ತಿಂಗಳಿಗೊಮ್ಮೆ ಕಟ್ಟುವುದು ಕರೆಂಟ್ ಬಿಲ್ಲು, ಬೀದಿಬದಿಗೆ ನಿಂತದ್ದು ಕರೆಂಟ್ ಕಂಬ. ವಿದ್ಯುತ್ತಿನ ಸಕಲ ವ್ಯವಹಾರಕ್ಕೂ ಆಡುಮಾತಿನಲ್ಲಿ ಇದೊಂದೇ ಪದ. ದಿನದ ಮಾತಿಗೆ ಇಷ್ಟು ಧಾರಾಳವಾಗಿ ಸಾಕು. ಆದರೆ ಸರ್ಕ್ಯೂಟ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಕೂತರೆ ಈ ಪದವೇ ಕಾಲಿಗೆ ತೊಡರುತ್ತದೆ.

ಮನೆಯ ಎಲ್ಲ ಸ್ವಿಚ್ಚುಗಳೂ ಆಫ್ ಆಗಿವೆ ಎಂದುಕೊಳ್ಳಿ. ಹೋಗಿದ್ದ ಕರೆಂಟ್ ಮರಳಿ ಬಂತು. ಈಗ ಬಲ್ಬಿನ ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ? ಸೊನ್ನೆ. ಬಂದದ್ದು ವೋಲ್ಟೇಜ್. ಕರೆಂಟ್ ಹರಿಯಬೇಕಾದರೆ ಯಾರಾದರೂ ಸ್ವಿಚ್ ಒತ್ತಬೇಕು. ಇನ್ನು ಬಿಲ್ಲಿನಲ್ಲಿ ಲೆಕ್ಕ ಹಾಕುವುದು ಇವೆರಡನ್ನೂ ಅಲ್ಲ, ಶಕ್ತಿಯನ್ನು. ಸಾವಿರ ವಾಟಿನ ಸಾಧನ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಕೈಗೆ ಹೊಡೆದದ್ದು ಮಾತ್ರ ನಿಜಕ್ಕೂ ಕರೆಂಟೇ.

ಶಾಲೆಯ ಪುಸ್ತಕ ಇವುಗಳಿಗೆ ಬೇರೆ ಬೇರೆ ಹೆಸರಿಡುತ್ತದೆ: ವಿದ್ಯುತ್ ಪ್ರವಾಹ (ಕರೆಂಟ್), ವಿಭವಾಂತರ (ವೋಲ್ಟೇಜ್), ರೋಧ (ಹರಿವಿಗೆ ಒಡ್ಡುವ ತಡೆ). ವೋಲ್ಟೇಜ್ ಎಂದರೆ ಕರೆಂಟನ್ನು ರೋಧದಿಂದ ಗುಣಿಸಿದ್ದು ಎಂಬ ಸೂತ್ರವನ್ನೂ ಕೊಡುತ್ತದೆ. ನಾವು ಅದನ್ನು ಬಾಯಿಪಾಠ ಮಾಡಿ, ಎರಡು ಕೊಟ್ಟರೆ ಮೂರನೆಯದನ್ನು ಕಂಡುಹಿಡಿದು ಅಂಕ ಗಿಟ್ಟಿಸುತ್ತೇವೆ. ಮೂರರಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಮಾತ್ರ ಹೊಳೆಯುವುದೇ ಇಲ್ಲ. ನನಗಂತೂ ಪದವಿ ಮುಗಿದು ಎಷ್ಟೋ ವರ್ಷದ ಮೇಲೆ, ಕೆಟ್ಟು ನಿಂತ ಕಾರೊಂದರ ಮುಂದೆ ಹೊಳೆಯಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಕರೆಂಟ್. ಲೋಹದ ತಂತಿಯೊಳಗೆ ಯಾವ ಪರಮಾಣುವಿಗೂ ಕಟ್ಟುಬೀಳದೆ ಅಲೆಯುವ ಎಲೆಕ್ಟ್ರಾನುಗಳು ತುಂಬಿಕೊಂಡಿರುತ್ತವೆ. ಒಂದು ಘನ ಮಿಲಿಮೀಟರ್ ತಾಮ್ರದಲ್ಲಿ ಇವುಗಳ ಸಂಖ್ಯೆ 8ರ ಮುಂದೆ 19 ಸೊನ್ನೆ ಹಾಕಿದಷ್ಟು. ಸ್ವಿಚ್ ಆಫ್ ಇದ್ದಾಗಲೂ ಅವು ಅಲ್ಲೇ ಇರುತ್ತವೆ, ಗೊತ್ತುಗುರಿಯಿಲ್ಲದೆ ಅತ್ತಿತ್ತ ಓಡಾಡುತ್ತಿರುತ್ತವೆ. ಅವೆಲ್ಲ ಒಟ್ಟಾಗಿ ಒಂದು ದಿಕ್ಕಿಗೆ ಸರಿಯತೊಡಗಿದರೆ ಅದು ಕರೆಂಟ್. ತಂತಿಯ ಒಂದು ಜಾಗದಲ್ಲಿ ನಿಂತು, ಒಂದು ಸೆಕೆಂಡಿನಲ್ಲಿ ಎಷ್ಟು ವಿದ್ಯುದಾವೇಶ ದಾಟಿಹೋಯಿತು ಎಂದು ಎಣಿಸಿದರೆ ಸಿಗುವುದು ಆಂಪಿಯರ್. ಸೆಕೆಂಡಿಗೆ ಒಂದು ಕೂಲಂಬ್ ಆವೇಶ ದಾಟಿದರೆ ಒಂದು ಆಂಪಿಯರ್, ಅಂದರೆ ಸುಮಾರು 624ರ ಮುಂದೆ 16 ಸೊನ್ನೆ ಹಾಕಿದಷ್ಟು ಎಲೆಕ್ಟ್ರಾನುಗಳು.

ಇಷ್ಟೊಂದು ಎಲೆಕ್ಟ್ರಾನುಗಳು ದಾಟುತ್ತವೆ ಎಂದರೆ ಅವು ಮಿಂಚಿನಂತೆ ಓಡುತ್ತಿರಬೇಕು ಅನ್ನಿಸುತ್ತದೆ. ಲೆಕ್ಕ ಹಾಕಿದರೆ ನಗು ಬರುತ್ತದೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳು ಮುಂದಕ್ಕೆ ಸರಿಯುವ ವೇಗ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್. ಒಂದು ಮೀಟರ್ ದಾಟಲು ಹತ್ತಿರಹತ್ತಿರ ನಾಲ್ಕು ಗಂಟೆ! ಬಸವನಹುಳು ಎಷ್ಟೋ ವಾಸಿ. ಮನೆಗೆ ಬರುವ ಎಸಿ ಸರಬರಾಜಿನಲ್ಲಂತೂ ಅವು ಮುಂದೆ ಹೋಗುವುದೇ ಇಲ್ಲ, ಸೆಕೆಂಡಿಗೆ 50 ಅಥವಾ 60 ಸಲ ಇದ್ದಲ್ಲೇ ಹಿಂದೆ ಮುಂದೆ ತೂಗಾಡುತ್ತವೆ.

ಹಾಗಾದರೆ ಸ್ವಿಚ್ ಒತ್ತಿದೊಡನೆ ದೀಪ ಹತ್ತುವುದು ಹೇಗೆ? ಸೈಕಲ್ಲಿನ ಚೈನನ್ನು ನೆನೆಸಿಕೊಳ್ಳಿ. ಪೆಡಲ್ ತುಳಿದ ಕ್ಷಣವೇ ಹಿಂದಿನ ಚಕ್ರ ತಿರುಗುತ್ತದೆ. ಪೆಡಲಿನ ಹತ್ತಿರವಿದ್ದ ಕೊಂಡಿ ಚಕ್ರದವರೆಗೆ ಹೋಗಿ ಮುಟ್ಟುವವರೆಗೆ ಚಕ್ರ ಕಾಯುವುದಿಲ್ಲ, ಯಾಕೆಂದರೆ ಚೈನಿನ ಎಲ್ಲ ಕೊಂಡಿಗಳೂ ಏಕಕಾಲಕ್ಕೆ ಅಲುಗುತ್ತವೆ. ತಂತಿಯೂ ಹಾಗೆಯೇ, ಮೊದಲೇ ಎಲೆಕ್ಟ್ರಾನುಗಳಿಂದ ತುಂಬಿದೆ. "ಹೊರಡಿ" ಎಂಬ ಸೂಚನೆ ಬೆಳಕಿನ ವೇಗಕ್ಕೆ ಹೋಲಿಸಬಹುದಾದ ವೇಗದಲ್ಲಿ ಇಡೀ ಸರ್ಕ್ಯೂಟಿಗೆ ತಲುಪುತ್ತದೆ. ಎಲೆಕ್ಟ್ರಾನುಗಳು ನಿಧಾನಕ್ಕೆ ಸರಿದರೂ ಎಲ್ಲ ಕಡೆ ಒಟ್ಟಿಗೇ ಸರಿಯುತ್ತವೆ.

ಚೈನು ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಕಳೆಯುತ್ತದೆ. ಬ್ಯಾಟರಿಯಿಂದ ಹೊರಟ ಕರೆಂಟನ್ನು ಬಲ್ಬು ತಿಂದುಹಾಕುತ್ತದೆ, ಉಳಿದಷ್ಟು ವಾಪಸು ಬರುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಚಕ್ರ ಚೈನನ್ನು ತಿನ್ನುತ್ತದೆಯೇ? ಕೆಳಗಿನಿಂದ ಹೋದಷ್ಟೇ ಕೊಂಡಿಗಳು ಮೇಲಿನಿಂದ ಮರಳುತ್ತವೆ. ಬಲ್ಬಿಗೆ ಹೋಗುವ ತಂತಿಯಲ್ಲಿ ಅರ್ಧ ಆಂಪಿಯರ್ ಇದ್ದರೆ ಬರುವ ತಂತಿಯಲ್ಲೂ ಅರ್ಧ ಆಂಪಿಯರೇ. ಖರ್ಚಾಗುವುದು ಶಕ್ತಿ. ಚೈನು ತುಂಡಾದರೆ ಚಕ್ರ ನಿಂತಂತೆ, ಮಂಡಲ (ಸರ್ಕ್ಯೂಟ್) ಒಂದು ಕಡೆ ಕಡಿದರೂ ಎಲ್ಲ ಕಡೆ ಹರಿವು ನಿಲ್ಲುತ್ತದೆ. ಅದಕ್ಕೇ ಅದು ಮಂಡಲ. ಕರೆಂಟನ್ನು ಕೊಳಾಯಿಯ ನೀರಿಗೆ ಹೋಲಿಸುವ ರೂಢಿ ಇದೆ, ಆ ಹೋಲಿಕೆ ಸೋಲುವುದು ಇಲ್ಲೇ. ಪೈಪು ಕತ್ತರಿಸಿದರೆ ನೀರು ಸೋರುತ್ತದೆ, ತಂತಿ ಕತ್ತರಿಸಿದರೆ ಎಲೆಕ್ಟ್ರಾನುಗಳು ನೆಲಕ್ಕೆ ತೊಟ್ಟಿಕ್ಕುವುದಿಲ್ಲ.

(ಬ್ಯಾಟರಿಯ ಧನಾಗ್ರದಿಂದ ಋಣಾಗ್ರಕ್ಕೆ ಕರೆಂಟ್ ಹರಿಯುತ್ತದೆ ಎಂದು ಚಿತ್ರ ಬರೆಯುವುದು ಬೆಂಜಮಿನ್ ಫ್ರಾಂಕ್ಲಿನ್ ಕಾಲದ ಊಹೆಯಿಂದ ಬಂದ ರೂಢಿ. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ ತಂತಿಯಲ್ಲಿ ಸರಿಯುವುದು ಋಣ ಆವೇಶ, ಅದೂ ಎದುರು ದಿಕ್ಕಿಗೆ ಎಂದು ಗೊತ್ತಾಯಿತು. ಅಷ್ಟರಲ್ಲಿ ಪುಸ್ತಕಗಳೆಲ್ಲ ಅಚ್ಚಾಗಿದ್ದವು. ಲೆಕ್ಕಕ್ಕೆ ಏನೂ ಬಾಧೆಯಿಲ್ಲದ ಕಾರಣ ರೂಢಿ ಹಾಗೇ ಉಳಿದಿದೆ.)

ಇನ್ನು ವೋಲ್ಟೇಜ್. ಇದನ್ನು "ತಳ್ಳುವ ಬಲ" ಎಂದು ಹೇಳಿ ಮುಂದೆ ಹೋಗುವುದು ಸುಲಭ. ನನಗೆ ಅದಕ್ಕಿಂತ ಅದರ ಮಾನವೇ ಸ್ಪಷ್ಟ ಅನ್ನಿಸುತ್ತದೆ. ಒಂದು ವೋಲ್ಟ್ ಎಂದರೆ ಒಂದು ಕೂಲಂಬಿಗೆ ಒಂದು ಜೌಲ್. ಟಾರ್ಚಿನ 1.5 ವೋಲ್ಟಿನ ಸೆಲ್ಲು ತನ್ನ ಮೂಲಕ ದಾಟುವ ಪ್ರತಿ ಕೂಲಂಬಿಗೂ 1.5 ಜೌಲ್ ಶಕ್ತಿ ತುಂಬಿ ಕಳಿಸುತ್ತದೆ. ಆ ಕೂಲಂಬ್ ಸರ್ಕ್ಯೂಟ್ ಸುತ್ತಿ ಬರುವಷ್ಟರಲ್ಲಿ ಅಷ್ಟನ್ನೂ ಎಲ್ಲೋ ಒಂದು ಕಡೆ ಇಳಿಸಲೇಬೇಕು, ಬಲ್ಬಿನಲ್ಲೋ ಮೋಟರಿನಲ್ಲೋ ತಂತಿಯಲ್ಲೋ. ತುಂಬಿದ್ದು ಎಷ್ಟೋ ಇಳಿದದ್ದೂ ಅಷ್ಟೇ. ಸರ್ಕ್ಯೂಟಿನ ಅರ್ಧ ವಿದ್ಯೆ ಈ ಒಂದು ಮಾತಿನಲ್ಲಿದೆ.

ಎತ್ತರದ ಹಾಗೆ ವೋಲ್ಟೇಜ್ ಕೂಡ ಯಾವಾಗಲೂ ಎರಡು ಬಿಂದುಗಳ ನಡುವಿನ ಮಾತು. "ಈ ತಂತಿಯಲ್ಲಿ ಎಷ್ಟು ವೋಲ್ಟೇಜ್ ಇದೆ?" ಎಂಬ ಪ್ರಶ್ನೆ ಅರ್ಧ ಮಾತ್ರ. ಯಾವುದಕ್ಕೆ ಹೋಲಿಸಿ? ಹೈಟೆನ್ಷನ್ ತಂತಿಯ ಮೇಲೆ ಕೂತ ಹಕ್ಕಿಗೆ ಏನೂ ಆಗದಿರುವುದಕ್ಕೆ ಕಾರಣವೂ ಇದೇ. ನೆಲಕ್ಕೆ ಹೋಲಿಸಿದರೆ ಅದು ಸಾವಿರಾರು ವೋಲ್ಟಿನ ಮೇಲೆ ಕೂತಿದೆ, ನಿಜ. ಆದರೆ ಹಕ್ಕಿಯ ಪಾಲಿಗೆ ಮುಖ್ಯವಾದದ್ದು ಅದರ ಎರಡು ಕಾಲುಗಳ ನಡುವಿನ ವ್ಯತ್ಯಾಸ. ಕಿಲೋಮೀಟರಿಗೆ 0.1 ಓಮ್ (ರೋಧವನ್ನು ಅಳೆಯುವ ಮಾನ) ರೋಧವಿರುವ ತಂತಿಯಲ್ಲಿ 100 ಆಂಪಿಯರ್ ಹರಿಯುತ್ತಿದೆ, ಕಾಲುಗಳ ನಡುವೆ ಐದು ಸೆಂಟಿಮೀಟರ್ ಅಂತರವಿದೆ ಎಂದುಕೊಂಡರೂ ಆ ವ್ಯತ್ಯಾಸ ಒಂದು ವೋಲ್ಟಿನ ಸಾವಿರದಲ್ಲಿ ಒಂದು ಭಾಗದ ಅರ್ಧ. ಅದೇ ಹಕ್ಕಿಯ ರೆಕ್ಕೆ ಪಕ್ಕದ ತಂತಿಗೋ ಕಂಬದ ಕಬ್ಬಿಣಕ್ಕೋ ತಾಗಿದರೆ ಕಥೆ ಮುಗಿಯಿತು.

ಮೂರನೆಯದು ರೋಧ. ಸರಿಯುವ ಎಲೆಕ್ಟ್ರಾನುಗಳು ಲೋಹದ ಅದುರುವ ಪರಮಾಣುಗಳಿಗೆ ಮತ್ತೆ ಮತ್ತೆ ತಾಗಿ ಶಕ್ತಿ ಬಿಟ್ಟುಕೊಡುತ್ತವೆ. ಅದೇ ಬಿಸಿ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಉಳಿದದ್ದು ವಸ್ತುವಿನ ಗುಣ. ಒಂದು ಚದರ ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ತಾಮ್ರದ ತಂತಿಗೆ 0.017 ಓಮ್. ನೈಕ್ರೋಮ್ ಎಂಬ ಮಿಶ್ರಲೋಹದ ಅದೇ ಅಳತೆಯ ತಂತಿಗೆ ಸುಮಾರು 1.1 ಓಮ್, ಅರವತ್ತು ಪಟ್ಟಿಗೂ ಹೆಚ್ಚು. ಹೀಟರಿನೊಳಗೆ ನೈಕ್ರೋಮ್, ಹೊರಗಿನ ಕೇಬಲಿಗೆ ತಾಮ್ರ. ಎರಡರಲ್ಲೂ ಹರಿಯುವುದು ಅದೇ ಕರೆಂಟ್. ಆದರೂ ಒಂದು ಕೆಂಪಗೆ ಕಾಯುತ್ತದೆ, ಇನ್ನೊಂದು ಉಗುರುಬೆಚ್ಚಗೂ ಆಗುವುದಿಲ್ಲ.

ಈ ಮೂರನ್ನು ಒಂದು ಸೂತ್ರಕ್ಕೆ ಕಟ್ಟಿದವನು ಜಾರ್ಜ್ ಸೈಮನ್ ಓಮ್. ಬೀಗ ಮಾಡುವವನ ಮಗ, ಜರ್ಮನಿಯ ಕೊಲೋನ್ ನಗರದಲ್ಲಿ ಶಾಲಾ ಮೇಷ್ಟ್ರು. ಅವನ ಕಾಲಕ್ಕೆ ಇದ್ದದ್ದು 1800ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಲೋಕಕ್ಕೆ ತಿಳಿಸಿದ ಬಿಲ್ಲೆಗಳ ಬ್ಯಾಟರಿ. ಅದನ್ನು ಬಳಸಿ ಅಳೆಯಲು ಹೋದರೆ ಕರೆಂಟ್ ಒಂದೇ ಸಮ ನಿಲ್ಲುತ್ತಿರಲಿಲ್ಲ, ಅಳೆಯುತ್ತಿದ್ದಂತೆಯೇ ಇಳಿಯುತ್ತಿತ್ತು. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಓಮ್ ಬ್ಯಾಟರಿ ಬಿಟ್ಟು ಉಷ್ಣಯುಗ್ಮಕ್ಕೆ ಬಂದ. ಬಿಸ್ಮತ್ ಮತ್ತು ತಾಮ್ರ ಸೇರುವ ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರೆ ಅಲ್ಪವೇ ಆದರೂ ಅಲುಗದ ವೋಲ್ಟೇಜ್ ಸಿಗುತ್ತದೆ. ಬೇರೆ ಬೇರೆ ಉದ್ದದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ತೂಗುಬಿಟ್ಟ ಕಾಂತಸೂಜಿ ಎಷ್ಟು ತಿರುಗಿತೆಂದು ಬರೆದುಕೊಂಡ. 1827ರಲ್ಲಿ ಅವನ ಪುಸ್ತಕ ಬಂತು. ತಾಯ್ನಾಡಿನಲ್ಲಿ ತಣ್ಣನೆಯ ಸ್ವಾಗತ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿದ್ದು 1841ರಲ್ಲಿ. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಇದನ್ನೇ 1781ರಲ್ಲೇ ಕಂಡುಕೊಂಡಿದ್ದ, ಮೀಟರ್ ಇಲ್ಲದ ಕಾರಣ ತನ್ನ ಮೈಗೇ ಶಾಕ್ ಕೊಟ್ಟುಕೊಂಡು ಯಾವುದು ಜೋರು ಎಂದು ಹೋಲಿಸುತ್ತಿದ್ದ. ಪ್ರಕಟಿಸಲಿಲ್ಲ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಆ ಟಿಪ್ಪಣಿಗಳನ್ನು 1879ರಲ್ಲಿ ಅಚ್ಚು ಹಾಕಿಸುವವರೆಗೆ ಯಾರಿಗೂ ಗೊತ್ತಾಗಲಿಲ್ಲ.

ಓಮ್ ತನ್ನ ಪ್ರಯೋಗದಿಂದ ಬರೆದ ಮೊದಲ ಸೂತ್ರ ನಮ್ಮ ಪುಸ್ತಕದಲ್ಲಿ ಇರುವಂತಿರಲಿಲ್ಲ. ವೋಲ್ಟೇಜನ್ನು ಎರಡು ಸಂಖ್ಯೆಗಳ ಮೊತ್ತದಿಂದ ಭಾಗಿಸಬೇಕಿತ್ತು. ಒಂದು ಪರೀಕ್ಷೆಗೆ ಹಾಕಿದ ತಂತಿಯ ಪಾಲು. ಇನ್ನೊಂದು ಮೂಲವೂ ಸೇರಿದಂತೆ ಸರ್ಕ್ಯೂಟಿನ ಉಳಿದೆಲ್ಲ ಭಾಗಗಳ ಪಾಲು. ಶಾಲೆಯ ಪುಸ್ತಕ ಈ ಎರಡನೆಯದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕೆಟ್ಟ ಸರ್ಕ್ಯೂಟುಗಳ ಬಹುಪಾಲು ರಹಸ್ಯ ಅಡಗಿರುವುದು ಅಲ್ಲೇ.

ಸೂತ್ರವನ್ನು ನಾನು ಓದುವುದು ಹೀಗೆ: ಕರೆಂಟ್ = ವೋಲ್ಟೇಜ್ ÷ ರೋಧ. ಎಡಗಡೆ ಇರುವುದು ಫಲ, ಬಲಗಡೆ ಇರುವುದು ಕಾರಣ. ಬ್ಯಾಟರಿಯಾಗಲಿ ಗೋಡೆಯ ಸಾಕೆಟ್ಟಾಗಲಿ ಒದಗಿಸುವುದು ವೋಲ್ಟೇಜ್. ಎಷ್ಟು ಕರೆಂಟ್ ಹರಿಯಬೇಕೆಂದು ತೀರ್ಮಾನಿಸುವುದು ಎದುರಿಗಿರುವ ರೋಧ. ಚಾರ್ಜರಿನ ಮೇಲೆ "5 ವೋಲ್ಟ್, 3 ಆಂಪಿಯರ್" ಎಂದು ಬರೆದಿದ್ದರೆ ಅದು ಮೂರು ಆಂಪಿಯರನ್ನು ಫೋನಿನೊಳಗೆ ತುರುಕುತ್ತದೆ ಎಂದಲ್ಲ, ಮೂರರವರೆಗೆ ಕೇಳಿದರೆ ಕೊಡಬಲ್ಲದು ಎಂದು. ಕೇಳುವುದು ಫೋನು.

ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಕೊಡಬಲ್ಲದು. ಆದರೂ ಒಣಗಿದ ಕೈಗಳಿಂದ ಅದರ ಎರಡೂ ಟರ್ಮಿನಲ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಒಣ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರುತ್ತದೆ. 12ನ್ನು 50,000ದಿಂದ ಭಾಗಿಸಿದರೆ ಕಾಲು ಮಿಲಿಆಂಪಿಯರ್, ಗೊತ್ತೂ ಆಗುವುದಿಲ್ಲ. ಅದೇ ಟರ್ಮಿನಲ್‌ಗಳ ಮೇಲೆ ಅಡ್ಡಲಾಗಿ ಸ್ಪ್ಯಾನರ್ ಬಿದ್ದರೆ ಸಾವಿರ ಆಂಪಿಯರ್ ದಾಟಬಹುದು, ಕಿಡಿ ಹಾರಿ ಸ್ಪ್ಯಾನರೇ ಕೆಂಪಗಾಗುತ್ತದೆ. ಬ್ಯಾಟರಿ ಅದೇ, ವೋಲ್ಟೇಜ್ ಅದೇ. "ಕೊಲ್ಲುವುದು ಕರೆಂಟ್, ವೋಲ್ಟೇಜ್ ಅಲ್ಲ" ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅದು ಅರ್ಧ ಸತ್ಯ, ಅಪಾಯಕಾರಿಯಾದ ಅರ್ಧ. ಮೈಯೊಳಗೆ ಆ ಕರೆಂಟನ್ನು ಹರಿಸುವುದು ವೋಲ್ಟೇಜೇ ತಾನೆ? ಒದ್ದೆ ಮೈಯ ರೋಧ ಸಾವಿರ ಓಮಿನ ಆಸುಪಾಸಿಗೆ ಇಳಿಯುತ್ತದೆ. ಆಗ 230 ವೋಲ್ಟ್ ಮುಟ್ಟಿದರೆ 0.23 ಆಂಪಿಯರ್. ಜೀವ ಕಾಯಲು ಮನೆಗಳಲ್ಲಿ ಹಾಕುವ ಲೀಕೇಜ್ ಬ್ರೇಕರ್ ಸಾಮಾನ್ಯವಾಗಿ 0.03 ಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುತ್ತದೆ.

ಸರಣಿ ಜೋಡಣೆ, ಸಮಾಂತರ ಜೋಡಣೆಗಳಲ್ಲಿ ಹೊಸದೇನೂ ಇಲ್ಲ. ಒಂದರ ಹಿಂದೆ ಒಂದು ಜೋಡಿಸಿದರೆ ದಾರಿ ಒಂದೇ, ಹಾಗಾಗಿ ಎಲ್ಲದರಲ್ಲೂ ಒಂದೇ ಕರೆಂಟ್, ವೋಲ್ಟೇಜ್ ಮಾತ್ರ ರೋಧಕ್ಕೆ ತಕ್ಕಂತೆ ಹಂಚಿಹೋಗುತ್ತದೆ. ಪಕ್ಕ ಪಕ್ಕ ಜೋಡಿಸಿದರೆ ಎಲ್ಲಕ್ಕೂ ಪೂರ್ತಿ ವೋಲ್ಟೇಜ್, ಕರೆಂಟ್ ಹಂಚಿಕೆ. ಮನೆಯ ಸಾಧನಗಳೆಲ್ಲ ಎರಡನೆಯ ಬಗೆಯವು. ಒಂದೊಂದು ಸ್ವಿಚ್ ಹಾಕಿದಾಗಲೂ ಹೊಸ ದಾರಿಯೊಂದು ತೆರೆದು ಒಟ್ಟು ರೋಧ ಇಳಿಯುತ್ತದೆ, ಮುಖ್ಯ ತಂತಿಯ ಕರೆಂಟ್ ಏರುತ್ತದೆ. ಏರಿ ಏರಿ ತಂತಿ ಕಾದು ಬೆಂಕಿ ಹತ್ತುವ ಮೊದಲು ಫ್ಯೂಸು ಕರಗಲಿ ಎಂದೇ ಅದನ್ನು ಹಾಕಿರುವುದು.

ಗಂಟು ಬೀಳುವುದು ಬಿಸಿಯ ವಿಷಯದಲ್ಲಿ. ರೋಧ ಹೆಚ್ಚಾದರೆ ಬಿಸಿ ಹೆಚ್ಚೋ ಕಡಿಮೆಯೋ? ತರಗತಿಯಲ್ಲಿ ಕೇಳಿ ನೋಡಿ, ಕೈಗಳು ಎರಡು ಪಾಲಾಗುತ್ತವೆ. 230 ವೋಲ್ಟಿನ 2000 ವಾಟ್ ಹೀಟರಿನ ರೋಧ ಸುಮಾರು 26 ಓಮ್, 1000 ವಾಟಿನದು 53 ಓಮ್. ಅಂದರೆ ರೋಧ ಕಡಿಮೆ ಇದ್ದದ್ದೇ ಹೆಚ್ಚು ಬಿಸಿ. ಆದರೆ ಹೀಟರಿಗೂ ಅದರ ಕೇಬಲಿಗೂ ಹೋಲಿಸಿದರೆ ರೋಧ ಹೆಚ್ಚಿದ್ದ ಹೀಟರೇ ಬಿಸಿ. ಎರಡೂ ಸರಿ. ಸಾಧನಗಳು ಪಕ್ಕ ಪಕ್ಕ ಇದ್ದು ವೋಲ್ಟೇಜ್ ಒಂದೇ ಆಗಿದ್ದರೆ ಕಡಿಮೆ ರೋಧ ಹೆಚ್ಚು ಕರೆಂಟ್ ಎಳೆದು ಗೆಲ್ಲುತ್ತದೆ. ಒಂದೇ ಸಾಲಿನಲ್ಲಿದ್ದು ಕರೆಂಟ್ ಒಂದೇ ಆಗಿದ್ದರೆ ಹೆಚ್ಚು ರೋಧ ಗೆಲ್ಲುತ್ತದೆ. ಹಳೆಯ ತಂತಿಬಲ್ಬು ಎರಡಿದ್ದರೆ, 60 ಮತ್ತು 100 ವಾಟಿನವು, ಸರಣಿಯಲ್ಲಿ ಜೋಡಿಸಿದಾಗ ಹೆಚ್ಚು ಬೆಳಗುವುದು 60ರದ್ದು. ಅದರ ರೋಧ 880 ಓಮ್, ನೂರರದ್ದು 530. "ಹೆಚ್ಚು ವಾಟ್" ಎಂಬ ಬಿರುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಓಮ್ ನಿಯಮ ಎಲ್ಲಕ್ಕೂ ಅನ್ವಯಿಸುತ್ತದೆ ಎಂದೇನೂ ಇಲ್ಲ. ಬಲ್ಬಿನ ಟಂಗ್‌ಸ್ಟನ್ ತಂತಿ ತಣ್ಣಗಿದ್ದಾಗ ಅದರ ರೋಧ ಕಾದಾಗಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಇರಬಹುದು. ಹಳೆಯ ಬಲ್ಬು ಉರಿಯುತ್ತಿರುವಾಗ ಸುಡುವುದಕ್ಕಿಂತ ಸ್ವಿಚ್ ಹಾಕಿದ ಕ್ಷಣದಲ್ಲಿ ಟಪ್ಪೆಂದು ಸುಡುವುದೇ ಹೆಚ್ಚು. ಎಲ್‌ಇಡಿಯಂತೂ ಈ ನಿಯಮಕ್ಕೆ ಸೊಪ್ಪೇ ಹಾಕುವುದಿಲ್ಲ. ಕೆಂಪು ಎಲ್‌ಇಡಿ ಎರಡು ವೋಲ್ಟಿನ ಹತ್ತಿರ ಬರುವವರೆಗೆ ಸುಮ್ಮನಿದ್ದು ಆಮೇಲೆ ಒಮ್ಮೆಗೇ ಬಾಯಿ ತೆರೆಯುತ್ತದೆ. 9 ವೋಲ್ಟಿನ ಬ್ಯಾಟರಿಗೆ ನೇರ ಹಚ್ಚಿದರೆ ಸತ್ತೇಹೋಗುತ್ತದೆ. ಜೊತೆಗೊಂದು ರೆಸಿಸ್ಟರ್ ಹಾಕಿದರೆ ಉಳಿದ 7 ವೋಲ್ಟ್ ಅದರ ಮೇಲೆ ಇಳಿಯುತ್ತದೆ. 390 ಓಮಿನದಾದರೆ ಹರಿಯುವುದು 18 ಮಿಲಿಆಂಪಿಯರ್. ಅಷ್ಟೇ ಬೇಕಿದ್ದದ್ದು.

ಈಗ ಕಾರಿಗೆ ಬರೋಣ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು, ಎಂಜಿನ್ ಅಲುಗಲಿಲ್ಲ. ಒಳಗಿನ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಮಲ್ಟಿಮೀಟರ್ ತಂದು ಬ್ಯಾಟರಿಯ ಕೇಬಲ್ ಕ್ಲ್ಯಾಂಪುಗಳ ಮೇಲೆ ಹಿಡಿದೆ: 12.6 ವೋಲ್ಟ್. ಬ್ಯಾಟರಿ ಭರ್ತಿ ಇದೆ, ಕೆಟ್ಟದ್ದು ಸ್ಟಾರ್ಟರ್ ಮೋಟರೇ ಎಂದು ತೀರ್ಪು ಕೊಟ್ಟೆ. ಮೋಟರನ್ನು ಬಿಚ್ಚಿಸಿ, ಮೇಜಿನ ಮೇಲಿಟ್ಟು ಬೇರೆ ಬ್ಯಾಟರಿಗೆ ಹಚ್ಚಿಸಿದರೆ ಬುರ್ರೆಂದು ತಿರುಗಿತು. ಮತ್ತೆ ಕೂಡಿಸಿದರೆ ಅದೇ ಟಕ್ ಟಕ್. ಒಂದಿಡೀ ದಿನ ಹೋಯಿತು.

ಮೀಟರ್ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆ ತಪ್ಪಾಗಿತ್ತು. ವೋಲ್ಟ್ ಅಳೆಯುವಾಗ ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್, ಅದು ಎಳೆಯುವ ಕರೆಂಟ್ ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಸ್ಟಾರ್ಟರ್ ಎಳೆಯುವುದು ನೂರು ನೂರೈವತ್ತು ಆಂಪಿಯರ್. ಟಾರ್ಚಿನ 1.5 ವೋಲ್ಟಿನ ಎಂಟು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೂ ಮೀಟರಿನಲ್ಲಿ 12 ವೋಲ್ಟೇ ಕಾಣುತ್ತದೆ. ಅದರಿಂದ ಕಾರು ಹೊರಡುತ್ತದೆಯೇ? ಒಂದೊಂದು ಸೆಲ್ಲಿನ ಒಳರೋಧ 0.2 ಓಮ್ ಎಂದರೂ ಎಂಟಕ್ಕೆ 1.6. ಎರಡು ತುದಿಗಳನ್ನು ನೇರ ಸೇರಿಸಿಬಿಟ್ಟರೂ ಏಳೂವರೆ ಆಂಪಿಯರಿನ ಮೇಲೆ ಹರಿಯದು. ಶಾಲೆಯ ಪುಸ್ತಕ ಬಿಟ್ಟುಬಿಟ್ಟ ಓಮ್‌ನ ಎರಡನೆಯ ಸಂಖ್ಯೆ ಇದೇ.

ನನ್ನ ಕಾರಿನ ಬ್ಯಾಟರಿಯ ಒಳರೋಧ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಒಂದು ಗೇಣು ಆಚೆ. ಮರುದಿನ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಗೂಟದ ಮೇಲೆ, ಇನ್ನೊಂದನ್ನು ಅದೇ ಗೂಟವನ್ನು ಹಿಡಿದಿದ್ದ ಕ್ಲ್ಯಾಂಪಿನ ಮೇಲೆ ಇಟ್ಟೆ. ಎರಡೂ ಲೋಹ, ಒಂದಕ್ಕೊಂದು ಬಿಗಿದುಕೊಂಡಿವೆ, ನಡುವೆ ವೋಲ್ಟೇಜ್ ಇರಲೇಬಾರದು. ಸೊನ್ನೆ ತೋರಿಸಿತು. ಆಮೇಲೆ ಇನ್ನೊಬ್ಬರಿಗೆ ಕೀಲಿ ತಿರುಗಿಸಲು ಹೇಳಿದೆ. ಸೊನ್ನೆಯಿದ್ದದ್ದು ಏಳಕ್ಕೆ ಜಿಗಿಯಿತು.

ಹನ್ನೆರಡರಲ್ಲಿ ಏಳು ವೋಲ್ಟ್ ಆ ಸಂದಿಯಲ್ಲೇ ಇಳಿದುಹೋಗುತ್ತಿತ್ತು. ಲೆಕ್ಕ ಸರಳ. ಗೂಟಕ್ಕೂ ಕ್ಲ್ಯಾಂಪಿಗೂ ನಡುವೆ ಕಟ್ಟಿದ್ದ ಬಿಳಿ ಕಿಲುಬಿನ ರೋಧ ಬರೀ 0.1 ಓಮ್ ಎಂದುಕೊಳ್ಳಿ. ಅರ್ಧ ಆಂಪಿಯರಿನ ಒಳದೀಪ ಅದರ ಮೂಲಕ ಕಳೆದುಕೊಳ್ಳುವುದು 0.05 ವೋಲ್ಟ್, ಹಾಗಾಗಿ ದೀಪಕ್ಕೆ ಏನೂ ಆಗಿರಲಿಲ್ಲ. ಎಪ್ಪತ್ತು ಆಂಪಿಯರ್ ಹರಿಯತೊಡಗಿದರೆ ಅದೇ 0.1 ಓಮ್ ಏಳು ವೋಲ್ಟ್ ನುಂಗುತ್ತದೆ. ಉಳಿದ ಐದರಲ್ಲಿ ಎಂಜಿನ್ ತಿರುಗಿಸಲು ಮೋಟರಿಗೆ ಕಸುವಿಲ್ಲ. ಟಕ್ ಟಕ್ ಸದ್ದಿನ ಅರ್ಥವೂ ಆಗ ಬಿಡಿಸಿತು. ಸ್ಟಾರ್ಟರಿನ ಸೊಲೆನಾಯ್ಡಿಗೆ (ಮೋಟರಿಗೆ ಸಂಪರ್ಕ ಕೊಡುವ ವಿದ್ಯುತ್ಕಾಂತದ ಸ್ವಿಚ್ಚಿಗೆ) ಬೇಕಾಗುವುದು ಕಡಿಮೆ ಕರೆಂಟ್, ಅದು ಪೂರ್ತಿ ವೋಲ್ಟೇಜ್ ಪಡೆದು ಟಕ್ಕೆಂದು ಹಿಡಿಯುತ್ತದೆ. ಹಿಡಿದೊಡನೆ ಮೋಟರ್ ಭಾರಿ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಕೈಬಿಡುತ್ತದೆ. ಬಿಟ್ಟೊಡನೆ ವೋಲ್ಟೇಜ್ ಮೇಲೇಳುತ್ತದೆ, ಮತ್ತೆ ಹಿಡಿಯುತ್ತದೆ.

ಕ್ಲ್ಯಾಂಪ್ ಬಿಚ್ಚಿ, ಬಿಸಿನೀರು ಹುಯ್ದು ಕಿಲುಬು ತೊಳೆದು, ಗೂಟವನ್ನು ಮರಳುಕಾಗದದಿಂದ ಹೊಳೆಯುವ ತನಕ ಉಜ್ಜಿ, ಒಣಗಿಸಿ ಮತ್ತೆ ಬಿಗಿದೆ. ಮೊನೆಗಳನ್ನು ಅದೇ ಜಾಗದಲ್ಲಿಟ್ಟು ಕೀಲಿ ತಿರುಗಿಸಲು ಹೇಳಿದೆ. ಎಂಜಿನ್ ಹೊರಟ ಸದ್ದಿನ ನಡುವೆ ಮೀಟರ್ ನೋಡಿದ್ದು ನಾನೊಬ್ಬನೇ: 0.08.